ಶ್ರುತಿ ಮೇಷ್ಟ್ರ ಕೆಂಪು ಸೀಲು

ಅಕ್ಟೋಬರ್ 6, ಭಾನುವಾರ. ಮಧ್ಯಾಹ್ನ 1:30

ಅಜ್ಜಿ ಇವತ್ತು ಏಳನೇ ಎಳೆತಕ್ಕೆ ಎದ್ದಳು. ಹತ್ತು ಎಳೆತ ದಾಟಿದರೆ ಎಳೆದವನೇ ಎಲ್ಲರಿಗೂ ಚಹಾ ತರಬೇಕು — ಭಾನುವಾರ ನಾವೆಲ್ಲ ಸೇರುವ ಡ್ರೈವರಣ್ಣನ ಶೆಡ್ಡಿನ ಕಾನೂನು. ಡ್ರೈವರಣ್ಣ ಬಚಾವಾದ.

ಅಜ್ಜಿ ಎಂದರೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಐವತ್ತು ವರ್ಷದ ಚೈನ್‌ಸಾ. ಡ್ರೈವರಣ್ಣನ ಅಪ್ಪ ಮರ ಕೊಯ್ದು ಮನೆ ನಡೆಸಿದ್ದು ಇದರಲ್ಲೇ. ಮೂರನೇ ಎಳೆತಕ್ಕೆ ಒಮ್ಮೆ ಕೆಮ್ಮಿ ಸುಮ್ಮನಾದಳು.

"ಚೋಕ್ ತೆಗೀರಿ ಅಣ್ಣಾ. ಕೆಮ್ಮಿದ್ಮೇಲೂ ಚೋಕ್ ಇಟ್ರೆ ಅಜ್ಜಿ ಪೆಟ್ರೋಲ್ ಕುಡ್ದು ಮಲಗಿಬಿಡ್ತಾಳೆ" — ಹಲ್ಲು ಡಾಕ್ಟ್ರು.

"ಮೂವತ್ತು ವರ್ಷ ಬಸ್ ಓಡ್ಸಿದೀನಿ ಕಣ್ರೀ. ನನಗೇ ಹೇಳ್ಕೊಡ್ತೀರಾ?"

"ಬಸ್ಸಿಗೆ ಕೀ ಇತ್ತು. ಇದಕ್ಕೆ ಹಗ್ಗ."

"ನೀವು ಮೊದ್ಲು ಪೆಟ್ರೋಲಿಗೆ ಎಣ್ಣೆ ಹಾಕೋದು ಕಲೀರಿ. ಆಮೇಲೆ ಹಗ್ಗದ ಮಾತು."

ಇಷ್ಟು ಸಾಕಾಯಿತು, ನಾನೂ ಸೇರಿಕೊಂಡೆ. "ಹೋಗ್ಲಿ ಬಿಡಣ್ಣ, ಅವ್ರು ತಲೆಗೇ ಎಣ್ಣೆ ಹಾಕಲ್ಲ." ಡಾಕ್ಟ್ರದು ಬೋಳು ತಲೆ. ಅವರೂ ನಕ್ಕರು. ಏಪ್ರಿಲ್‌ನಲ್ಲಿ ಅವರ ಮೆಷಿನ್ ಕೊಯ್ಯುತ್ತಾ ಕೊಯ್ಯುತ್ತಾ ಜಾಮ್ ಆಗಿತ್ತು. ಬಿಚ್ಚಿದರೆ ಪಿಸ್ಟನ್ ಮೈತುಂಬ ಗೀರು. ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತಿದ್ದಾರೆ ಎಂದು ತೀರ್ಪು ಕೊಟ್ಟವನು ನಾನೇ. ಅಂದಿನಿಂದ ಅವರನ್ನು ಚುಡಾಯಿಸಲು ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಅಜ್ಜಿ ಬಿಸಿಯಾದ ಮೇಲೆ ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು. ಎಲ್ಲರೂ ಬಾಯಿ ಮುಚ್ಚಿದರು. ನನಗೆ ಶ್ರುತಿ ಮೇಷ್ಟ್ರು ಎಂದು ಹೆಸರಿಟ್ಟದ್ದು ಇದಕ್ಕೇ — ಕಿವಿಯಲ್ಲೇ ಕೇಳಿ ಇಂಜಿನ್ ಶ್ರುತಿ ಮಾಡುತ್ತೇನೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ಚೂರು ತೊದಲಬೇಕು. ತುಂಬಾ ತೊದಲಿದರೆ ಪೆಟ್ರೋಲ್ ಹೆಚ್ಚು. ಪೆಟ್ರೋಲ್ ತಗ್ಗಿಸಲು ಕಾರ್ಬ್ಯುರೇಟರಿನ ಸ್ಕ್ರೂ ಕೂದಲೆಳೆಯಷ್ಟು ಒಳಗೆ. ಇವತ್ತು ಯಾಕೋ ತೊದಲು ಹೋಗಲೇ ಒಲ್ಲದು. ಒಳಗೆ… ಇನ್ನೂ ಒಳಗೆ… ಕಡೆಗೆ ಸಾಕೆನಿಸಿತು. ತಲೆಯಾಡಿಸಿದೆ. ಡ್ರೈವರಣ್ಣ ಸೊಸೆಯ ಕೆಂಪು ನೇಲ್ ಪಾಲಿಶ್ ತಂದು ಸ್ಕ್ರೂ ತಲೆಯ ಮೇಲೆ ಒಂದು ಚುಕ್ಕೆ ಇಟ್ಟ. ಮೇಷ್ಟ್ರ ಸೀಲು. ಇನ್ನು ಯಾರೂ ಮುಟ್ಟುವ ಹಾಗಿಲ್ಲ.

20ಕ್ಕೆ ಹಳೇ ಮೆಷಿನ್‌ಗಳ ಮೇಳ. ಮೊದಲ ದಿಮ್ಮಿ ಕೊಯ್ಯುವುದು ಅಜ್ಜಿ. ಡ್ರೈವರಣ್ಣ ಈಗಲೇ ಅಂಗಿಗೆ ಇಸ್ತ್ರಿ ಹಾಕಿಸಿದ್ದಾನೆ.

ಅಕ್ಟೋಬರ್ 8, ಮಂಗಳವಾರ. ಬೆಳಿಗ್ಗೆ 8:10

ಕೆಲಸಕ್ಕೆ ಹೊರಡುವ ಮೊದಲು ಇದನ್ನು ಬರೆದಿಡಬೇಕು.

ಇವಳು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಳು. "ಬೇರಿಂಗ್ ಹೋಗಿದೆ ನೋಡು, ತೊದಲ್ತಾ ಇದೆ" ಎಂದೆ.

"ಮೊನ್ನೆ ತಂದ ಹೊಸಾ ಮಿಕ್ಸಿ ರೀ. ಏನೂ ತೊದಲ್ತಿಲ್ಲ."

"ಕೇಳ್ಸಲ್ವಾ ನಿಂಗೆ?"

ನನ್ನ ಮುಖವನ್ನೇ ನೋಡಿದಳು. ಬಲಗಿವಿಗೆ ಬೆರಳಿಟ್ಟು ಕೇಳಿದೆ. ತೊದಲು. ಎಡಗಿವಿಗೆ ಇಟ್ಟೆ — ಮಾಯ! ಬೆರಳು ತೆಗೆದರೆ ಮತ್ತೆ ಬಂತು. ಅವಳ ಹೇರ್ ಡ್ರೈಯರ್ ಹಾಕಿ ನೋಡಿದೆ. ಅದೂ ತೊದಲಿತು. ಅದೇ ತೊದಲು.

ಹೇರ್ ಡ್ರೈಯರಿಗೆ ಕಾರ್ಬ್ಯುರೇಟರ್ ಎಲ್ಲಿಂದ ಬರಬೇಕು?

ಹಾಗಾದರೆ ಭಾನುವಾರ ನಾನು ಕೇಳಿದ್ದು ಅಜ್ಜಿಯದ್ದಲ್ಲ. ನನ್ನ ಕಿವಿಯದ್ದು. ಇಲ್ಲದ ತೊದಲನ್ನು ನಿಲ್ಲಿಸಲು ಸ್ಕ್ರೂ ಒಳಗೆ ತಿರುಗಿಸುತ್ತಲೇ ಹೋದೆ. ಈ ಇಂಜಿನ್‌ಗಳಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಖಾಲಿ ಓಡಿಸಿದರೆ ತಿಳಿಯುವುದಿಲ್ಲ. ದಪ್ಪ ದಿಮ್ಮಿಗೆ ಇಳಿಸಿ ಎರಡು ನಿಮಿಷ ಒತ್ತಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಜ್ಜಿಯ ಪಿಸ್ಟನ್ ಈಗ ಎಲ್ಲೂ ಸಿಗುವುದಿಲ್ಲ. ಈಗಿರುವುದನ್ನು ಹುಡುಕಲು ಡ್ರೈವರಣ್ಣನಿಗೆ ಆರು ವರ್ಷ ಹಿಡಿಯಿತು.

ಹೇಳಬೇಕು. ಇವತ್ತೇ.

ಅದೇ ದಿನ, ಸಂಜೆ 6

ಡ್ರೈವರಣ್ಣನಿಗೆ ಫೋನ್ ಮಾಡಿದೆ. "ಏನ್ ಮೇಷ್ಟ್ರೇ?" ಎಂದ. "ಏನಿಲ್ಲ ಅಣ್ಣಾ, ಸುಮ್ನೆ" ಎಂದೆ. ಮೇಳದ ಪಾರ್ಕಿಂಗ್ ಬಗ್ಗೆ ಹತ್ತು ನಿಮಿಷ ಮಾತಾಡಿದೆವು.

ಅಕ್ಟೋಬರ್ 9, ಬುಧವಾರ. 12:45

ಸ್ಟೋರಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದೆ. ಕಿವಿ ಪರೀಕ್ಷೆ. ಇವಳೇ ಎಳೆದುಕೊಂಡು ಹೋದಳು.

ಗಾಜಿನ ಪೆಟ್ಟಿಗೆಯಂಥ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಬಟನ್. ಶಬ್ದ ಕೇಳಿಸಿದಾಗ ಒತ್ತಬೇಕು. ಒತ್ತಿದೆ. ಸುಮಾರು ಸಲ ಒತ್ತಿದೆ. ಪರವಾಗಿಲ್ಲ, ಪಾಸಾದೆ ಎಂದುಕೊಂಡು ಹೊರಗೆ ಬಂದರೆ ಇವಳ ಕಣ್ಣು ಕೆಂಪಾಗಿತ್ತು.

"ಕಡೇಲಿ ಯಾಕ್ರೀ ಸುಮ್ನೆ ಕೂತಿದ್ರಿ?"

"ಮುಗಿದಿತ್ತಲ್ಲ?"

"ಮುಗಿದಿರ್ಲಿಲ್ಲ. ಅವ್ರು ಶಬ್ದ ಕೊಡ್ತಾನೇ ಇದ್ರು. ಅವ್ರು ಮೆಷಿನ್ ಒತ್ತೋದು ಹೊರಗೆ ಕೂತ ನನಗೇ ಕಾಣಿಸ್ತಿತ್ತು."

ಪರೀಕ್ಷೆ ಮಾಡಿದಾಕೆ ಗ್ರಾಫ್ ತೋರಿಸಿದಳು. ಗೆರೆ ನೆಟ್ಟಗೆ ಹೋಗಿ ಒಮ್ಮೆಗೇ ಪಾತಾಳಕ್ಕೆ ಬಿದ್ದಿತ್ತು. ಏನು ಕೆಲಸ ಎಂದು ಕೇಳಿದಳು. ಇಪ್ಪತ್ತು ವರ್ಷ ಮರ ಕೊಯ್ಯುವ ತಂಡದಲ್ಲಿದ್ದೆ, ಈಗ ಪಾರ್ಕ್ ಇಲಾಖೆಯ ಸ್ಟೋರಿನಲ್ಲಿ ಎಂದೆ. ಕಿವಿಗೆ ಏನು ಹಾಕುತ್ತಿದ್ದಿರಿ? ಹತ್ತಿ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಪೆಟ್ಟು ಬಿದ್ದ ಕಿವಿ ಜೋರು ಶಬ್ದಕ್ಕೆ ಹೀಗೆ ಅದುರುತ್ತದಂತೆ. ಹೋದದ್ದು ಬರುವುದಿಲ್ಲ. ಯಾವಾಗಿನಿಂದ ಅಂತ ಕೇಳಿದೆ. ಒಂದು ವರ್ಷವೋ ಎರಡೋ, ನಿಧಾನಕ್ಕೆ ಬಂದದ್ದು, ನಿಮಗೆ ಗೊತ್ತಾಗಿರಲಿಕ್ಕಿಲ್ಲ ಎಂದಳು.

ಒಂದು ವರ್ಷವೋ ಎರಡೋ.

ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಒಂದೇ — ಏಪ್ರಿಲ್. ಡಾಕ್ಟ್ರ ಮೆಷಿನ್ ಜಾಮ್ ಆಗುವ ಹಿಂದಿನ ವಾರ ಅದರ ಸ್ಕ್ರೂ ತಿರುಗಿಸಿದ್ದು ಯಾರು? ಸೀಲು ಹಾಕಿಸಿದ್ದು ಯಾರು? ಎಣ್ಣೆ ಹಾಕದಿದ್ದರೂ ಅದೇ ಗೀರು, ಪೆಟ್ರೋಲ್ ಕಡಿಮೆಯಾದರೂ ಅದೇ ಗೀರು. "ಹಾಕಿದ್ದೆ ಮೇಷ್ಟ್ರೇ, ನೆನಪಿದೆ ನನಗೆ" ಎಂದು ಎಷ್ಟು ಸಲ ಹೇಳಿದರು ಪಾಪ. ನಾನು ಪ್ರತಿ ಸಲ ಕಣ್ಣು ಹೊಡೆದು ಉಳಿದವರನ್ನು ನಗಿಸಿದೆ.

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 5:40

ನಿನ್ನೆಯದನ್ನು ನಿನ್ನೆ ಬರೆಯಲು ಧೈರ್ಯ ಬರಲಿಲ್ಲ.

ಶೆಡ್ಡಿಗೆ ಬೇಗ ಹೋದೆ. ಯಾರೂ ಇಲ್ಲದಾಗ ಸ್ಕ್ರೂ ಅರ್ಧ ಸುತ್ತು ಹೊರಗೆ ತಿರುಗಿಸಿ, ಮೇಲೆ ನೇಲ್ ಪಾಲಿಶ್ ಬಳಿದುಬಿಟ್ಟರೆ ಆಯಿತಲ್ಲ? ಯಾರಿಗೂ ಗೊತ್ತಾಗದು. ಅಜ್ಜಿ ಉಳಿಯುತ್ತಾಳೆ, ಮೇಷ್ಟ್ರೂ ಉಳಿಯುತ್ತಾರೆ. ಇವಳ ಡಬ್ಬಿಯಿಂದ ಪಾಲಿಶ್ ಬಾಟಲಿ ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಐವತ್ತನಾಲ್ಕು ವರ್ಷದ ಗಂಡಸು, ಕಳ್ಳನ ಹಾಗೆ.

ಡ್ರೈವರಣ್ಣ ಒಳಗೆ ಸ್ನಾನಕ್ಕೆ ಹೋಗಿದ್ದ. ಸೀಲಿನ ಮೇಲೆ ಸ್ಕ್ರೂಡ್ರೈವರ್ ಇಟ್ಟೆ. ಕೆಂಪು ಚೂರೊಂದು ಎದ್ದು ಬಂತು. ಅಷ್ಟರಲ್ಲಿ ಹೆಗಲ ಮೇಲೆ ಕೈ.

ಹಲ್ಲು ಡಾಕ್ಟ್ರು. ಸ್ಕೂಟರ್ ನಿಲ್ಲಿಸಿ, ಗೇಟು ತೆಗೆದು, ಜಲ್ಲಿ ಮೇಲೆ ನಡೆದು ಬಂದಿದ್ದಾರೆ. ನನಗೆ ಒಂದೂ ಕೇಳಿಸಿರಲಿಲ್ಲ.

"ಏನ್ಮಾಡ್ತಿದ್ದೀರಾ?"

"ಸಡಿಲ ಆಗಿದ್ಯೇನೋ ಅಂತ ನೋಡ್ತಿದ್ದೆ."

"ಅಯ್ಯೋ, ಸೀಲ್ ಒಡೆದುಹೋಯ್ತಲ್ಲ. ಇರಿ." ತಾವೇ ಕಪಾಟಿನಿಂದ ಪಾಲಿಶ್ ತಂದು, ಹಲ್ಲಿಗೆ ಸಿಮೆಂಟ್ ತುಂಬುವಷ್ಟು ನಾಜೂಕಾಗಿ ಚುಕ್ಕೆ ಇಟ್ಟರು. "ಮೇಷ್ಟ್ರ ಸೀಲ್ ಮೇಲೆ ಡಾಕ್ಟ್ರ ಸೀಲ್" ಎಂದು ನಕ್ಕರು. ಆಮೇಲೆ ಹೇಳಿದ್ದು: "ನನ್ನ ಮೆಷಿನ್‌ಗೆ ಹೊಸಾ ಪಿಸ್ಟನ್ ಕೂರಿಸಿದೀನಿ. ಮೇಳ ಆದ್ಮೇಲೆ ಶ್ರುತಿ ಮಾಡ್ಕೊಡಿ. ಬೇರೆಯವ್ರ ಕೈಗೆ ಕೊಡಲ್ಲ ನಾನು."

ಆಗಲಿ ಎಂದೆ.

ದೇವರ ದಯೆ, ನಿನ್ನೆ ಅಜ್ಜಿಯನ್ನು ಓಡಿಸಲಿಲ್ಲ. ಚೈನು ಇನ್ನೂ ಡಾಕ್ಟ್ರ ಮನೆಯಲ್ಲಿದೆ. ಒಂದೊಂದು ಹಲ್ಲಿಗೂ ಅರ ಹಾಕುತ್ತಿದ್ದಾರೆ. ಶನಿವಾರ ಹಾಕಿ ದಿಮ್ಮಿ ಕೊಯ್ದು ನೋಡುವುದಂತೆ. ಐದು ದಿನ ಇದೆ.

ಅಕ್ಟೋಬರ್ 17, ಗುರುವಾರ. 1:15, ಸ್ಟೋರ್

ಊಟದ ಡಬ್ಬಿ ಹಾಗೇ ಇದೆ. ಒಂದು ವರ್ಷದಲ್ಲಿ ಎಷ್ಟು ಮೆಷಿನ್ ಮುಟ್ಟಿದ್ದೇನೆ ಎಂದು ಲೆಕ್ಕ ಹಾಕಿದೆ. ಹನ್ನೊಂದು. ಜಾಮ್ ಆದದ್ದು ಒಂದು, ಗೊತ್ತಿರುವಂತೆ. ಉಳಿದವರಲ್ಲಿ ಯಾರಾದರೂ ನಾಚಿಕೆಯಿಂದ ಬಾಯಿ ಬಿಡದೆ ಕೂತಿದ್ದಾರೋ ಏನೋ. ಎಣ್ಣೆ ಮರೆತವ ಎಂದು ಹೇಳಿಸಿಕೊಳ್ಳಲು ಯಾರಿಗೆ ಇಷ್ಟ?

ಬೆಳಿಗ್ಗೆ ಇವಳು ನೇರ ಕೇಳಿದಳು. "ನೀವು ಹೇಳ್ತೀರೋ, ನಾನ್ ಹೇಳ್ಲೋ?"

"ಹೇಳಿದ್ರೆ ನಾನಲ್ಲಿ ಯಾರು? ಸ್ಕ್ರೂ ತಿರುಗಿಸೋಕೆ ಬರದ ಮೇಷ್ಟ್ರು ಯಾವ ಮೇಷ್ಟ್ರು?"

"ಯಾರೂ ಅಲ್ಲ. ಚಹಾ ಕುಡ್ಕೊಂಡು ಕೂತ್ಕೊಳ್ಳಿ. ಅದಕ್ಕೂ ಜನ ಬೇಕು."

ಸುಲಭವಾಗಿ ಹೇಳಿಬಿಟ್ಟಳು. ಸಿಟ್ಟು ಬಂತು. ಬಾಗಿಲು ಜೋರಾಗಿ ಎಳೆದುಕೊಂಡು ಬಂದೆ.

ಹೆದರಿಕೆ. ಬೇರೆ ಏನೂ ಅಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನನ್ನು ಕಾಯುವ ಜಾಗ ಈ ಲೋಕದಲ್ಲಿ ಇರುವುದು ಒಂದೇ.

ಅಕ್ಟೋಬರ್ 19, ಶನಿವಾರ. ಮಧ್ಯಾಹ್ನ 2

ಹೇಳಿದೆ.

ಹತ್ತೂವರೆಗೆ ಡ್ರೈವರಣ್ಣನಿಗೆ ಮೂರು ಸಲ ಫೋನ್ ಮಾಡಿದ್ದೆ. ಎತ್ತಲಿಲ್ಲ. ಎತ್ತದಿದ್ದರೆ ಕೈಯಲ್ಲಿ ಮೆಷಿನ್ ಇದೆ ಎಂದೇ ಅರ್ಥ. ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಮೂರು ಬೀದಿ.

ಅಜ್ಜಿ ದಿಮ್ಮಿಯ ಮೇಲೆ ಇದ್ದಳು. ಓಡುತ್ತಿದ್ದಳು. ಎರಡೂ ಕೈ ಎತ್ತಿ ಬೀಸಿದೆ. ಡ್ರೈವರಣ್ಣ ನನ್ನನ್ನು ನೋಡಿ ಹಲ್ಲು ಬಿಟ್ಟ, ಮೇಷ್ಟ್ರು ಕೇಳಲಿ ಎಂದು ಪೂರ್ತಿ ಥ್ರಾಟಲ್ ಒತ್ತಿದ. ಹೋಗಿ ಸ್ವಿಚ್ ಆಫ್ ಮಾಡಿದೆ. ಬೇರೆಯವರ ಕೈಯಲ್ಲಿರುವ ಮೆಷಿನ್ ಮುಟ್ಟಬಾರದು — ಇಪ್ಪತ್ತು ವರ್ಷ ಹುಡುಗರಿಗೆ ಬೈದು ಕಲಿಸಿದ ಪಾಠ.

"ತಲೆ ಕೆಟ್ಟಿದ್ಯೇನ್ರೀ!"

"ಕಿವಿ ಕೆಟ್ಟಿದೆ ಅಣ್ಣಾ."

ಎಲ್ಲ ಹೇಳಿದೆ. ಮಿಕ್ಸಿ, ಗಾಜಿನ ಕೋಣೆ, ಕಳೆದ ಭಾನುವಾರ ಸೀಲು ಕಿತ್ತದ್ದು. ಆಮೇಲೆ, ಚೈನು ತಂದು ಅಲ್ಲೇ ನಿಂತಿದ್ದ ಡಾಕ್ಟ್ರ ಕಡೆ ತಿರುಗಿದೆ. "ಏಪ್ರಿಲ್‌ನಲ್ಲಿ ನೀವು ಎಣ್ಣೆ ಹಾಕಿದ್ರಿ. ತಪ್ಪು ನಂದು."

ಡ್ರೈವರಣ್ಣ ಅಜ್ಜಿ ಆರುವವರೆಗೆ ಕಾದ, ಸೈಲೆನ್ಸರ್ ಬಿಚ್ಚಿದ, ಟಾರ್ಚ್ ಬಿಟ್ಟು ಒಳಗೆ ಪಿಸ್ಟನ್ ನೋಡಿದ. ಬಹಳ ಹೊತ್ತು ನೋಡಿದ.

"ಒಂದು ಗೀರು ಬಿದ್ದಿದೆ. ಕಚ್ಚಿಲ್ಲ. ಬದುಕ್ತಾಳೆ."

ದಿಮ್ಮಿಯ ಮೇಲೆ ಕೂತುಬಿಟ್ಟೆ.

ಡಾಕ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು. "ಆರು ತಿಂಗಳು ಮೇಷ್ಟ್ರೇ. ತಮಾಷೆ ಅಂತ ನಾನೂ ನಗ್ತಿದ್ದೆ. ಆದ್ರೆ ನನಗೆ ನನ್ನ ಮೇಲೇ ನಂಬಿಕೆ ಹೋಯ್ತು. ಹಾಕಿದ್ದು ಅಷ್ಟು ಚೆನ್ನಾಗಿ ನೆನಪಿದ್ರೂ ಹಾಕಿಲ್ಲ ಅಂದ್ರೆ, ಇನ್ನೇನೇನು ಮರೀತಿದ್ದೀನೋ ಅಂತ. ಕ್ಲಿನಿಕ್‌ನಲ್ಲಿ ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಟ್ನಾ ಇಲ್ವಾ ಅಂತ ನರ್ಸ್‌ನ ಎರಡೆರಡು ಸಲ ಕೇಳ್ತಿದ್ದೆ. ಈ ವರ್ಷ ಕ್ಲಿನಿಕ್ ಮುಚ್ಚಿಬಿಡೋಣ ಅಂತಿದ್ದೆ."

ಕನ್ನಡಕ ಹಾಕಿಕೊಂಡರು. ಹೆಲ್ಮೆಟ್ ತೆಗೆದುಕೊಂಡು ಹೊರಟುಹೋದರು. ಕ್ಷಮಿಸಿ ಎನ್ನಲು ಬಾಯಿ ತೆರೆಯುವ ಹೊತ್ತಿಗೆ ಗೇಟು ದಾಟಿದ್ದರು.

ಡ್ರೈವರಣ್ಣ ಸೀಲು ಕೆರೆದು ತೆಗೆದ. ಸ್ಕ್ರೂ ಮುಕ್ಕಾಲು ಸುತ್ತು ಹೊರಗೆ. ಹಗ್ಗ ಎಳೆದ, ಥ್ರಾಟಲ್ ಕೊಟ್ಟ, ಅಭ್ಯಾಸಬಲದಿಂದ ನನ್ನ ಮುಖ ನೋಡಿದ — ಸಾಕಾ? ಎಂದು. ಮರುಕ್ಷಣ ನೆನಪಾಯಿತು. ಮುಖ ಆ ಕಡೆ ತಿರುಗಿಸಿಕೊಂಡ. ಸಿಟ್ಟಿನಿಂದಲ್ಲ, ಅದು ನನಗೆ ಗೊತ್ತು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಬರುವಾಗ "ನಾಳೆ…" ಎಂದೇನೋ ಹೇಳಿದ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಮುಖ ಇರಲಿಲ್ಲ.

ಅಕ್ಟೋಬರ್ 20, ಭಾನುವಾರ. ಬೆಳಿಗ್ಗೆ 7:35

ಮೇಳಕ್ಕೆ ಹೋಗುವುದಿಲ್ಲ. ತೀರ್ಮಾನ ಮಾಡಿದ್ದೇನೆ. ಡಾಕ್ಟ್ರಿಗೆ ಮೆಸೇಜ್ ಬರೆದು ಬರೆದು ಅಳಿಸಿದೆ. ತಪ್ಪಾಯಿತು ಎನ್ನುವುದು ಆರು ತಿಂಗಳಿಗೆ ತೀರಾ ಸಣ್ಣ ಮಾತು. ಕಡೆಗೆ ಅಷ್ಟನ್ನೇ ಕಳಿಸಿದೆ. ಓದಿದ್ದಾರೆ, ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ.

7:50

ಇವಳು ಬಂದು ಪುಸ್ತಕದ ಮೇಲೆ ಕೈ ಇಟ್ಟಳು. "ಐದು ನಿಮಿಷದಿಂದ ಹಾರ್ನ್ ಹೊಡೀತಿದ್ದಾರೆ ರೀ, ಬೀದಿಯವರೆಲ್ಲ ಹೊರಗೆ ಬಂದ್ರು."

ಕಿಟಕಿಯಿಂದ ನೋಡಿದೆ. ಡ್ರೈವರಣ್ಣನ ಗಾಡಿ. ಇಸ್ತ್ರಿ ಅಂಗಿ. ಹಿಂದಿನ ಸೀಟಿನಲ್ಲಿ ಅಜ್ಜಿ, ಪಕ್ಕದಲ್ಲಿ ಡಾಕ್ಟ್ರು. ಈ ಕಡೆ ನೋಡುತ್ತಿಲ್ಲ.

"ಡಾಕ್ಟ್ರು ಗೇಟ್ ತನಕ ಬಂದಿದ್ರು. ನಿಮಗೆ ಹೇಳೋಕೆ ಹೇಳಿದ್ರು."

"ಏನಂತೆ?"

"'ಅವರ ಹತ್ರ ನಾನು ಮಾತು ಬಿಟ್ಟಿದ್ದೀನಿ. ಎಷ್ಟು ದಿನ ಅಂತ ಗೊತ್ತಿಲ್ಲ. ಆದ್ರೆ ಗಾಡೀಲಿ ಕೂತ್ಕೊಳ್ಳೋಕೆ ಮಾತು ಬೇಕಿಲ್ಲ, ಬೇಗ ಬರೋಕೆ ಹೇಳಿ' ಅಂದ್ರು."

ಇನ್ನೊಮ್ಮೆ ಹೇಳು ಎಂದೆ. ಅವಳು ಕಿವಿಯ ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ, ಜೋರಾಗಿ ಹೇಳಿದಳು.

ಮೊದಲ ಸಲವೇ ಕೇಳಿಸಿತ್ತು.

ಬೂಟು ಒಂದು ಸಿಕ್ಕಿದೆ, ಇನ್ನೊಂದು ಎಲ್ಲಿ—