ನನ್ನವರು ಕಟ್ಟಿದ ವೇದಿಕೆ

ಸೋಮವಾರ, ಮಧ್ಯಾಹ್ನ

ವೇದಿಕೆಯನ್ನು ಅಲಂಕರಿಸಿರುವ ಪೂಜ್ಯ ಫಾದರ್ ಅವರೇ, ಮುಂದಿನ ಸಾಲಿನ ದಾನಶೂರರೇ, ಹಿಂದಿನ ಸಾಲಿನ ಬರೀ ಶೂರರೇ, ಚರ್ಚಿನ ಸಹಾಯ ನಿಧಿಯ ಕಾರ್ಯದರ್ಶಿಯೂ ನನ್ನ ಒಡಹುಟ್ಟಿದವಳೂ ಆದ ಅಕ್ಕನವರೇ,

ನಿನ್ನೆ ಮೈಕು ನನ್ನ ಕೈಗೆ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಪ್ಪಾಳೆ ಬೇಡ, ನಿನ್ನೆಯೇ ಹೊಟ್ಟೆ ತುಂಬಿತು.

ಬಹುಕಾಲದಿಂದ ಕೆಲಸವಿಲ್ಲದ ಕುಟುಂಬಗಳಿಗೆ ಆಸರೆಯಾಗಲೆಂದು ನೀವು ನಿನ್ನೆ ಸಭೆ ಸೇರಿಸಿ ಹಣ ಎತ್ತಿದಿರಿ. ಬಹಳ ಸಂತೋಷ. ಆ ಸಭೆಗೆ ವೇದಿಕೆ ಕಟ್ಟಿದ್ದು ಯಾರು? ಕುರ್ಚಿ ಮೇಜಿನ ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷದಿಂದ ಮನೆಯಲ್ಲಿರುವ ಬಡಗಿ, ಅಂದರೆ ನನ್ನವರು. ಕುರ್ಚಿ ಹೊತ್ತವನು ಕೆಲಸ ಹೋದ ಲಾರಿ ಡ್ರೈವರು. ಅಡುಗೆ ಮಾಡಿದವಳು ಕ್ಯಾಂಟೀನು ಮುಚ್ಚಿ ಬೀದಿಗೆ ಬಿದ್ದವಳು. ಬ್ಯಾನರಿನ ಮೇಲಿದ್ದ “ಕೈ ಖಾಲಿ ಇರಬಾರದು, ಒಲೆ ಆರಬಾರದು” ಎಂಬ ಪ್ರಾಸ ನನ್ನದು. ಎಲ್ಲವೂ ಬಿಟ್ಟಿ. ಶಾಮಿಯಾನದವನಿಗೆ, ಮೈಕಿನವನಿಗೆ, ಹೂವಿನವನಿಗೆ ಮಾತ್ರ ಕೈತುಂಬ ಕೂಲಿ. ಅವರಿಗೆ ಮೊದಲೇ ಕೆಲಸವಿದೆಯಲ್ಲ! ನಮಗೆ ಸೇವೆ, ಅವರಿಗೆ ಸಂಬಳ. ನಿಮ್ಮ ನ್ಯಾಯ ಎಷ್ಟು ಸರಳ.

ಕೂಲಿಯ ಮಾತನ್ನು ನಾನು ಮೊದಲೇ ಎತ್ತಿದ್ದೆ. ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, ಅಕ್ಕ, ನೀನು ಅಂದೆ, “ದೇವರ ಕೆಲಸಕ್ಕೆ ಕೂಲಿ ಕೇಳ್ತಾರೇನೇ? ಹೇಗೂ ಮನೇಲಿ ಸುಮ್ನೆ ಕೂತಿದಾರಲ್ಲ.”

ನನ್ನವರು ಪಕ್ಕದ ಕೋಣೆಯಲ್ಲೇ ಇದ್ದರು. ಸುಮ್ಮನೆ ಕೂತವರು ಯಾರೂ ದಿನಾ ಬೆಳಗ್ಗೆ ಉಳಿಗಳಿಗೆಲ್ಲ ಎಣ್ಣೆ ಸವರಿ, ಒರೆಸಿ, ಮತ್ತೆ ಪೆಟ್ಟಿಗೆಯಲ್ಲಿಡುವುದಿಲ್ಲ.

ನಿನ್ನೆ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರೆ, ಫೋಟೋಕ್ಕೆ ಹಳೆಯದೇ ಚೆನ್ನಾಗಿತ್ತು ಎಂದು ನನ್ನ ಕಿವಿಯಲ್ಲಿ ಉಸುರಿದೆ. ಫಾದರ್ ಇವರ ಹೆಗಲ ಮೇಲೆ ಕೈಯಿಟ್ಟು, ಈ ಸಹೋದರ ಕೆಲಸವಿಲ್ಲದೆ ಕೊರಗುತ್ತಿದ್ದಾರೆ ಎಂದರು. ತಾವು ನಿಂತಿರುವ ಹಲಗೆಗಳನ್ನು ಜೋಡಿಸಿದವನೇ ಈ ಸಹೋದರ ಎಂದು ಯಾರೂ ಹೇಳಲಿಲ್ಲ. ನನ್ನವರು ತಲೆ ತಗ್ಗಿಸಿದರು. ಸಭಿಕರು ಕಣ್ಣೊರೆಸಿಕೊಂಡರು. ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ, ಮಹನೀಯರೇ! ದಪ್ಪ ದಾನಿಯೊಬ್ಬರು ಮೆಟ್ಟಿಲು ಹತ್ತುತ್ತಿದ್ದರು. ಹಲಗೆ ಕಿರುಗುಟ್ಟುತ್ತದೇನೋ ಎಂದು ಇವರು ನೋಡುತ್ತಿದ್ದರು. ಕಿರುಗುಟ್ಟಲಿಲ್ಲ. ಆಗ ಇವರ ಮುಖದಲ್ಲಿ ಮೂಡಿದ ನಗುವನ್ನು ನಿಮ್ಮ ಫೋಟೋದವನು ಹಿಡಿಯಲಿಲ್ಲ. ಅವನು ನೀವು ಇವರ ಕೈಗಿತ್ತ ದಿನಸಿ ಚೀಲವನ್ನು ಹಿಡಿಯುತ್ತಿದ್ದ.

ಆದ್ದರಿಂದ ಕಾರ್ಯದರ್ಶಿಗಳೇ, ಇನ್ನು ಮುಂದೆ ಸೇವೆ ಗೀವೆ ಎಂದು ನಮ್ಮ ಹೊಸ್ತಿಲು ತುಳಿಯಬೇಡಿ. ಚೀಲವನ್ನು ಮಗಳ ಕೈಯಲ್ಲಿ ವಾಪಸು ಕಳಿಸುತ್ತಿದ್ದೇನೆ.

ಇತಿ,
ಕೋಪ ಇಳಿಯದ, ಇಳಿಯುವ ಲಕ್ಷಣವೂ ಇಲ್ಲದ
ನಿನ್ನ ತಂಗಿ

ಮರೆತಿದ್ದೆ: ಶನಿವಾರ ವೇದಿಕೆ ಬಿಚ್ಚುವುದಕ್ಕೆ ಶಾಮಿಯಾನದವನ ಆಳುಗಳು ಬರುತ್ತಾರಂತೆ. ಬೇಡ ಅನ್ನು. ಇವರನ್ನೇ ಕರೆಸು. ಅದನ್ನು ಕಟ್ಟುವಾಗ ದಿನಾ ಎದ್ದ ಕೂಡಲೇ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಸಂಜೆ ತಲೆತುಂಬ ಮರದ ಹೊಟ್ಟು ಹೊತ್ತುಕೊಂಡು ಬಂದು, ಎರಡೆರಡು ಸಲ ಬಡಿಸಿಕೊಂಡು ಉಂಡು, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ನನ್ನ ಮೇಲೆ ರೇಗುತ್ತಿದ್ದರು. ಇವತ್ತು ಉಳಿಯ ಪೆಟ್ಟಿಗೆಯನ್ನೇ ತೆರೆದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ನನಗೆ ಭಯವಾಗುತ್ತಿದೆ, ಅಕ್ಕ. ಬಿಟ್ಟಿಯಾದರೂ ಆಗಲಿ, ಕರೆಸು. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ.