ಗುದ್ದಲಿ ಕೊಟ್ಟಿಗೆಯ ಒಲೆ

ಮುರೇವಾ
ಆಗಸ್ಟ್ ೨೩, ೧೯೮೮

ಪ್ರೀತಿಯ ಅಮ್ಮಾ,

ಈ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಹರಾರೆಗೆ ಸೇರಿದ ಮೇಲೆ ನೆಟ್ಟಗೆ ಒಂದು ಸಾಲೂ ಬರೆಯದವಳು ಹೀಗೆ ಏಕಾಏಕಿ ಬರೆದರೆ ನೀನು ಗಾಬರಿಯಾಗುತ್ತೀ ಅಂತ ಗೊತ್ತು. ಜ್ವರ ಇಲ್ಲ, ಯಾವ ವಿಷಯದಲ್ಲೂ ಫೇಲಾಗಿಲ್ಲ. ರಜೆಗೆ ಅಜ್ಜಿಯ ಮನೆಗೆ ಬಂದಿದ್ದೇನೆ, ಅಷ್ಟೇ. ಬರೆಯದೇ ಸುಮ್ಮನಿರೋಣ ಅಂದುಕೊಂಡೆ, ಹಾಳೆ ಹರಿದೂ ಹಾಕಿದೆ. ಆದರೆ ಕೇಳಲು ನಿನ್ನನ್ನು ಬಿಟ್ಟು ಯಾರೂ ಇಲ್ಲ.

ಹಾಸ್ಟೆಲ್ಲಿನಲ್ಲಿ ಹೇಗೋ ನಡೆಯುತ್ತಿದೆ. ನನ್ನ ರೂಮಿನ ಶುವಾಯಿ ಒಳ್ಳೆಯವಳೇ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ರಜೆಗೆ ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದಾಗ, "ನಮ್ಮ ಹೊಕ್ಕುಳಬಳ್ಳಿ ಎಲ್ಲಿ ಹೂತಿದೆಯೋ ಅಲ್ಲಿಗೆ ನಾವು ಹೊರಟ್ವಿ ಕಣೇ. ನಿಂದೆಲ್ಲಿದೆ, ಲಂಡನ್ನಲ್ಲಾ?" ಅಂತ ನನ್ನ ಬಿಳಿಚು ಬಣ್ಣ ನೋಡಿ ಕೇಳಿದಳು. ನೀನು ಹೇಳಿದ್ದನ್ನೇ ಹೇಳಿದೆ, ನಾನು ಹುಟ್ಟಿದ್ದು ಬುಲಾವಾಯೋ ಆಸ್ಪತ್ರೆಯಲ್ಲಿ ಅಂತ. "ಅಯ್ಯೋ, ಹಾಗಾದ್ರೆ ನಿನ್ನ ಊರು ಆಸ್ಪತ್ರೆಯ ಕಸದ ಡಬ್ಬ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಕ್ಕೇ ತಿಚಾವೊನಾ ಮಾವ ಹೇಳಿಕಳಿಸಿದಾಗ ಖುಷಿಯಿಂದ ಓಡಿಬಂದೆ. ಅಜ್ಜನ ವರ್ಷದ ಕಾರ್ಯ ಮುಗಿಯಿತಲ್ಲ, ಈಗ ಅವನ ಗುದ್ದಲಿ ಕೊಟ್ಟಿಗೆ ಕೆಡವಬೇಕು, ಆ ಜಾಗದಲ್ಲಿ ಇಟ್ಟಿಗೆಯ ಕೋಣೆ ಕಟ್ಟಬೇಕು ಅಂತ ಮಾವನ ಯೋಜನೆ. ಮಗ ಮೊದಲ ಏಟು ಹಾಕಿದರೆ ಸತ್ತವನು ಮುನಿಯುತ್ತಾನಂತೆ. ಮಗಳ ಮಕ್ಕಳು ಹಾಕಿದರೆ ಏನೂ ಅನ್ನುವುದಿಲ್ಲವಂತೆ. ಮಗಳ ಮಗು ಅಂತ ಇರುವುದು ನಾನೊಬ್ಬಳೇ. ಹೋಗಲಿ, ನನ್ನಿಂದಲೇ ಆಗಬೇಕಾದ ಕೆಲಸ ಒಂದಾದರೂ ಇದೆಯಲ್ಲ ಅನ್ನಿಸಿತು. ಅಥವಾ ಸತ್ತವನ ಕೋಪ ತಟ್ಟುವುದಿದ್ದರೆ ಹೊರಗಿನವಳಿಗೆ ತಟ್ಟಲಿ ಅಂತಲೋ? ಬಸ್ಸಿನುದ್ದಕ್ಕೂ ಇದೇ ಯೋಚನೆ.

ಕೊಟ್ಟಿಗೆಯನ್ನು ನೀನು ಈಗ ನೋಡಿದ್ದರೆ ಗುರುತೇ ಹಿಡಿಯುತ್ತಿರಲಿಲ್ಲ. ಗೆದ್ದಲು ಗಳುಗಳನ್ನೆಲ್ಲ ತಿಂದು, ಬರೀ ಮಣ್ಣಿನ ಗೋಡೆ ತನ್ನ ಪಾಡಿಗೆ ತಾನು ನಿಂತಿತ್ತು. ಹುಲ್ಲಿನ ಮಾಡು ಒಂದು ಕಡೆಗೆ ಜಾರಿ, ತಲೆಗೆ ಸೊಟ್ಟ ಟೋಪಿ ಹಾಕಿದ ಹಾಗಿತ್ತು. ಅಜ್ಜ ಅದನ್ನು ರಿಪೇರಿಯೂ ಮಾಡಲಿಲ್ಲ, ಕೆಡವಲೂ ಬಿಡಲಿಲ್ಲ ಅಂತ ಮಾವನಿಗೆ ಇವತ್ತಿಗೂ ಸಿಟ್ಟು.

ನಿನ್ನೆ ಮೊದಲು ಹತ್ಯಾರಗಳನ್ನು ಹಂಚಿದರು. ನಮ್ಮ ಮನೆತನದ ಕುಲಗೆಳೆಯ ಜಕಾರಿಯಾ ಅಜ್ಜನ ಹರಕಲು ಕೋಟು ತೊಟ್ಟು, ಅಜ್ಜನ ಹಾಗೆಯೇ ಕಾಲೆಳೆಯುತ್ತ ಬಂದು ಬೈಯತೊಡಗಿದ: "ಲೇ ತಿಚಾವೊನಾ, ನನ್ನ ನೇಗಿಲಿಗೆ ಕೈ ಹಾಕ್ತೀಯಾ? ನೆಟ್ಟಗೆ ಉಳೋಕೆ ಬರುತ್ತೇನೋ ನಿನಗೆ? ನಿನ್ನ ಸಾಲು ನೋಡಿದ್ರೆ ಹಾವಿಗೇ ನಾಚಿಕೆ!" ಸತ್ತವರನ್ನು ಅಣಕಿಸುವುದು ಕುಲಗೆಳೆಯನ ಹಕ್ಕು ಅಂತ ಕೇಳಿ ಗೊತ್ತಿತ್ತು, ನೋಡಿದ್ದು ಇದೇ ಮೊದಲು. ಎಲ್ಲರೂ ನಗುತ್ತಿದ್ದರೆ ನಾನೊಬ್ಬಳು ಅತ್ತೆ. ಎಲ್ಲರೂ ನಿಲ್ಲಿಸಿದ ಮೇಲೆ ನಗು ಬಂತು. ನನ್ನದು ಯಾವಾಗಲೂ ಹೀಗೇ.

ಕೊಡಲಿ ನನ್ನ ಕೈಗೆ ಬಂದಾಗ ಜಕಾರಿಯಾ, "ದೂರ ನಿಲ್ಲಿ, ದೂರ ನಿಲ್ಲಿ! ಪೆನ್ನು ಹಿಡಿದ ಕೈ, ಗೋಡೆಗಿಂತ ಮೊದಲು ನಮ್ಮ ಮಂಡಿ ಮುರಿಯುತ್ತೆ" ಅಂದ. ಹೊಡೆದೆ ಅಮ್ಮಾ. ಒಂದೇ ಏಟಿಗೆ ಮೂಲೆಯ ಟೊಳ್ಳು ಕಂಬ ಮುರಿದು ಗೋಡೆ ಹೊರಕ್ಕೆ ಬಿತ್ತು. ಹೆಂಗಸರು ನಾಲಗೆ ಆಡಿಸಿ ಹರ್ಷದಿಂದ ಕೂಗಿದರು. ನನ್ನ ಹೆಸರು ಹಿಡಿದು ಕೂಗಿದರು. ಅಷ್ಟು ಸಂತೋಷ ನನಗೆ ಯೂನಿವರ್ಸಿಟಿಯ ಸೀಟು ಸಿಕ್ಕಾಗಲೂ ಆಗಿರಲಿಲ್ಲ.

ಆ ಹುರುಪಿನಲ್ಲೇ ಒಳಗಿನ ಮಣ್ಣು ಗೋರಿದೆ. ಕೆಳಗೆ ಸಗಣಿ ಸಾರಿಸಿ ಕಲ್ಲಿನಿಂದ ಉಜ್ಜಿ ನಯ ಮಾಡಿದ ನೆಲ, ಮನೆಯ ನೆಲದ ಹಾಗೆ. ಮಧ್ಯದಲ್ಲಿ ಮಸಿ ಹಿಡಿದ ಮೂರು ಒಲೆಗಲ್ಲು.

"ಗುದ್ದಲಿಗಳಿಗೂ ಚಳಿಯಾಗ್ತಿತ್ತೇನೋ, ಪಾಪ" ಅಂದ ಜಕಾರಿಯಾ. ಮತ್ತೆ ನಗು. ಮಾವ ಮಾತ್ರ ತಲೆ ಕೆರೆದುಕೊಂಡ. "ನಾನು ಜೊಹಾನ್ಸ್‌ಬರ್ಗಿನ ಗಣಿಗೆ ಹೋಗೋವಾಗ ಈ ಒಲೆ ಇರ್ಲಿಲ್ಲ. ವಾಪಸ್ ಬಂದಾಗ ಒಳಗೆಲ್ಲ ಸಾಮಾನು ತುಂಬಿತ್ತು."

ನಾನು ಹಾರೆ ಹಾಕಿ ಒಂದು ಕಲ್ಲು ಕಿತ್ತು, ಹೊತ್ತುಕೊಂಡು ಹೋಗಿ ಕಸದ ಗುಂಡಿಗೆ ಎಸೆದೆ. ಯಾವ ಹೆಂಗಸನ್ನಾದರೂ ಮನೆ ಬಿಡಿಸುವಾಗ ಅವಳ ಒಲೆಗಲ್ಲು ಕೀಳುತ್ತಾರೆ ಅಂತ ನನಗೆ ನೆನಪಿರಬೇಕಿತ್ತು. ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಕಲ್ಲು ಅಂದರೆ ಕಲ್ಲು.

ಬೆಳಗಿನಿಂದ ಅಂಗಳದಲ್ಲಿ ಕುಳಿತಿದ್ದ ಅಜ್ಜಿ ಎದ್ದಳು. ಗುಂಡಿಗೆ ಇಳಿದು, ಆ ಕಲ್ಲನ್ನು ಎದೆಗವಚಿಕೊಂಡು ತಂದು ಅದರ ಕುಳಿಯಲ್ಲೇ ಇಟ್ಟು, ಅದರ ಮೇಲೆ ಕೂತುಬಿಟ್ಟಳು.

"ನಿಮ್ಮಮ್ಮ ಹೂಡಿದ ಒಲೆ ಕಣೇ ಇದು. ಯಾರಾದ್ರೂ ಕೀಳಲಿ, ನೀನು ಕೀಳಬಾರದು."

"ಅಮ್ಮ ಇಲ್ಲಿ ಯಾಕೆ ಒಲೆ ಹೂಡಿದಳು, ಅಜ್ಜೀ?"

"ಅವಳನ್ನೇ ಕೇಳು. ನಾನು ಮಾತು ಕೊಟ್ಟಿದೀನಿ."

ಮಾವ, "ಅಮ್ಮಾ, ಶನಿವಾರ ಇಟ್ಟಿಗೆ ಬರುತ್ತೆ, ಪಾಯ ತೆಗೀಬೇಕು, ಏಳು" ಅಂತ ಗೋಗರೆದ. ಅವಳು ಏಳಲಿಲ್ಲ. ಸದ್ಜಾ ಮುದ್ದೆಯನ್ನೂ ಅಲ್ಲಿಗೇ ತರಿಸಿಕೊಂಡು ಉಂಡಳು.

ಇಷ್ಟೇ ಸುದ್ದಿ. ಈ ಸಲ ಶೇಂಗಾ ಚೆನ್ನಾಗಿ ಬಂದಿದೆ, ನಿನಗೊಂದು ಚೀಲ ತೆಗೆದಿಟ್ಟಿದ್ದಾರೆ. ಮಾವ ನಮಸ್ಕಾರ ಹೇಳಿದ್ದಾನೆ. ಅಜ್ಜಿ, "ಅವಳ ಕಾಲಿಗೆ ಮುಳ್ಳು ಚುಚ್ಚದಿರಲಿ, ಅವಳ ನರ್ಸಿನ ಕೈ ತಣ್ಣಗಿರಲಿ" ಅಂತ ಹರಸಿದ್ದಾಳೆ. ಬರೆದದ್ದನ್ನು ಓದಿ ಹೇಳು ಅಂದಳು. ಇಲ್ಲಿಯವರೆಗಿನದನ್ನು ಓದಿದ್ದೇನೆ.

ನಿನ್ನ ಮಗಳು,
ನ್ಯಾರಾಡ್ಜೊ

ಮರೆತ ಮಾತು: ಮರೆತದ್ದಲ್ಲ, ಅಜ್ಜಿಯ ಎದುರು ಬರೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವಳು ನನ್ನ ಕೈ ಹಿಡಿದು, ಒಲೆಯ ಪಕ್ಕದ ನೆಲಕ್ಕೆ ಅಂಗೈ ಒತ್ತಿಸಿ, "ಇಷ್ಟು ಜಾಗ ಅಗೆಯೋದು ಬೇಡ ಅಂತ ನಿನ್ನ ಮಾವನಿಗೆ ನೀನೇ ಹೇಳು" ಅಂದಳು. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಲ್ಲವೇನಮ್ಮ? ಅಪ್ಪ ಇಂಗ್ಲೆಂಡಿಗೆ ಹೊರಟುಹೋದ ಮೇಲೆ ಅಜ್ಜ ನಿನ್ನನ್ನು ಮನೆಯೊಳಗೆ ಸೇರಿಸದೆ ಆ ಕೊಟ್ಟಿಗೆಗೆ ತಳ್ಳಿದನೇ? ಅಥವಾ ಬಿಳಿಯರ ಕಾಲದಲ್ಲಿ ಬಿಳಿಯನ ಮಗು ಯಾರ ಕಣ್ಣಿಗೂ ಬೀಳದಿರಲಿ ಅಂತ ಗುದ್ದಲಿಗಳನ್ನೆಲ್ಲ ಹೊರಗಿಟ್ಟು ನಮ್ಮಿಬ್ಬರನ್ನೂ ಬಚ್ಚಿಟ್ಟನೇ? ಅವನಿಗಾಗಿ ಅಳಬೇಕೋ, ಅವನ ಮೇಲೆ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ. ನನಗೂ ಒಂದು ಊರಿತ್ತು. ಅದಕ್ಕೆ ಮೊದಲ ಏಟು ಹಾಕಿದವಳೂ ನಾನೇ. ಹೆಂಗಸರು ನನ್ನ ಹೆಸರು ಹಿಡಿದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಮಾವ ನನ್ನ ಬರೀ ಮಾತಿಗೆ ನಿಲ್ಲುವುದಿಲ್ಲ, ನಿನ್ನ ಮಾತು ಬೇಕು. ಶನಿವಾರದೊಳಗೆ ಬುಲಾವಾಯೋ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಸಾಲು ಬರೆದು ಕಳಿಸು. ನನ್ನ ಹೊಕ್ಕುಳಬಳ್ಳಿ ಅಲ್ಲಿದೆ ಅಂತಲೋ ಇಲ್ಲ ಅಂತಲೋ, ಅಷ್ಟು ಸಾಕು. ಬೇಗ ಬರೆ.