ಹಿಂದಿನ ಸೀಟಿನ ಭಾರ

ಕಲ್ಯಾಣ, ೧೯೪೧

ಬಂಡೆಪ್ಪ ಸಾವಕಾರರಿಗೆ ಇಸ್ಮಾಯಿಲ ಮಿಸ್ತ್ರಿಯ ಸಲಾಂ.

ನಿಮ್ಮ ಮೋಟಾರನ್ನು ಮುಂದಿನ ಗಾಲಿಗಳೇ ಎಳೆಯುತ್ತವೆ. ವೇಗದಲ್ಲೂ ಅದು ಸಲೀಸಾಗಿ ತಿರುಗಲೆಂದು ಹಿಂದಿನ ಸ್ಪ್ರಿಂಗುಗಳಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಹಾಕಿ ಗಟ್ಟಿ ಮಾಡಿದವನು ನಾನೇ. ಹೋದ ವಾರ ನನ್ನ ಮಗಳು ಕರೀಮಾಳನ್ನು ಹೆರಿಗೆಗೆಂದು ಹುಮನಾಬಾದಿಗೆ ಅದರಲ್ಲೇ ಒಯ್ದಿರಿ. ಪ್ರತಿ ಕಲ್ಲಿಗೂ ಅವಳು ಸೀಟು ಬಿಟ್ಟು ಏಳುತ್ತಿದ್ದಳು.

“ಇದನ್ನ ಹಾಕುವಾಗ ಹಿಂದ ಯಾರನ್ನರ ಕೂಡಿಸಿ ನೋಡಿದ್ದೇನು, ಅಬ್ಬಾ?” ಎಂದಳು.

ನಾನು ನಿಮ್ಮ ಪಕ್ಕದಲ್ಲಿ ಕುಳಿತು ರಸ್ತೆ ನೋಡುತ್ತಿದ್ದೆ.

ಶುಕ್ರವಾರ ಅವಳನ್ನು ಮನೆಗೆ ತರಬೇಕು. ಹೆರಿಗೆಯ ಹೊಲಿಗೆ ಇನ್ನೂ ಹಸಿ ಇದೆ. ದಯವಿಟ್ಟು ನಾಳೆ ಮೋಟಾರು ಕಳಿಸಿರಿ. ಆ ಪಟ್ಟಿಗಳ ಜೊತೆಗೆ ಇನ್ನೊಂದೊಂದನ್ನೂ ತೆಗೆಯುತ್ತೇನೆ. ತಿರುವುಗಳಲ್ಲಿ ನೀವು ನಿಧಾನ ಮಾಡಬೇಕಾಗುತ್ತದೆ. ಹೋಗುವಾಗಿನಷ್ಟು ಭಾರ ಹಿಂದೆ ಇರುವುದಿಲ್ಲ, ಅವಳೊಬ್ಬಳೇ ಬರುವವಳು, ಮಡಿಲಲ್ಲಿ ಕೂಸಿಲ್ಲ.

ನಿಮ್ಮ
ಇಸ್ಮಾಯಿಲ